ಕುಡಿಯದವರ ಕಲ್ಲು

ನನ್ನ ಮೈದುನ ಈರಣ್ಣನ ಕಿಡ್ನ್ಯಾಗ ಕಲ್ಲು ಅದ ಅಂತ ಗೊತ್ತಾದಾಗ ನಾ ಅಳಲಿಲ್ಲ. ‘ಸಿಕ್ಕಿಬಿದ್ದ’ ಅಂದೆ.

ಕಲ್ಲು ಯಾರಿಗೆ ಆಗ್ತದ? ಕುಡಿಯೋರಿಗೆ. ಇದು ನಾನು ಮಾಡಿದ ಕಾನೂನು. ನನ್ನ ಗಂಡ ಭೀಮಣ್ಣ ಕುಡೀತಿದ್ದ. ಅವಂಗ ಕಲ್ಲು ಇತ್ತು. ಕಡೀಕ ಲಿವರ್ ಹೋತು, ಅವನೂ ಹೋದ. ಅವನ ಒಂದು ಅಂಗಿ ಇನ್ನೂ ಒಗದಿಲ್ಲ. ಅದರಾಗಿನ ದಾರೂ ವಾಸನಿಗೇ ದಿನಾ ಜಗಳ ತೆಗೀತಿದ್ದೆ. ಈಗ ವಾಸನಿ ಹೋದೀತಂತ ಒಗಿಯಂಗಿಲ್ಲ. ಇರಲಿ.

ಈರಣ್ಣ ನನ್ನ ಜೋಡೀನ ಇರ್ತಾನ. ಊರು ಬಿಟ್ಟು ಬಂದು, ಮರಾಠಿ ಸೀಮಿಯ ಹಡಪಸರದಾಗ ಬಿಲ್ಡಿಂಗ್ ಕೆಲಸ ಇಬ್ಬರದೂ. ನಮ್ಮ ಶೆಡ್ಡಿನ ಸಾಲಿನ ಕುಸುಮನ ಮಗಳು ಮಾಯಾನ ಜೋಡಿ ಅವನ ಮದುವಿ ನಿಕ್ಕಿ ಆಗಿತ್ತು. ನಾ ಗಟ್ಟಿ ಮಾಡಿದೆ: ಇನ್ನೊಂದು ಹೆಣ್ಣು ನನ್ನಂಗ ಆಗಬಾರದು. ಇಂವ ಕುಡಿಯೂದು ಒಪ್ಪಿಕೊಂಡು ಬಿಡೂತನಕ ಮದುವಿ ಇಲ್ಲ.

“ವೈನಿ, ನಾ ಒಂದು ಹನಿ ಮುಟ್ಟಿಲ್ರಿ.”

“ಮತ್ತ ಕಲ್ಲು ಎಲ್ಲಿಂದ ಬಂತು? ಕಂತ್ರಾಟದಾರ ಲಾರಿನ್ಯಾಗ ಕಳಿಸಿದನೇನು?”

“ಬೀರ್ ಕುಡಿ, ಕಲ್ಲು ತಾನ ಜಾರಿ ಬೀಳ್ತದ ಅಂತ ಮಂದಿ ಹೇಳಿದ್ರು. ಅದನ್ನೂ ನಾ ಕುಡೀಲಿಲ್ಲ.”

“ನೋಡು, ನೋಡು! ಬಾಯಾಗ ಬೀರಿನ ಹೆಸರು ಬಂತು!”

ನಳದ ಹತ್ರ ಹೋಗಿ, ಕೊಡ ಕೆಳಗಿಟ್ಟು, ಎಲ್ಲಾರಿಗೂ ಸಾರಿಬಿಟ್ಟೆ. ಕುಸುಮ ಗಾಬರಿ ಆದಳು.

“ಹೌದೇನ್ರಿ ಬೀಗ್ತಿ? ಹುಡುಗ ಕುಡೀತಾನ?”

“ಕಲ್ಲು ಸುಳ್ಳು ಹೇಳಂಗಿಲ್ಲವ್ವಾ. ನೀನೂ ದವಾಖಾನಿಗೆ ಬಾ. ಡಾಕ್ಟರ್ ಬಾಯಿಂದನ ಕೇಳು.”

ಹಿಂಗ ನಮ್ಮ ದಂಡಯಾತ್ರೆ ರಿಕ್ಷಾದಾಗ ಹೊಂಟಿತು. ಈರಣ್ಣ ನಡುವ, ಕಳ್ಳನ್ನ ಹಿಡದಂಗ.

ಡಾಕ್ಟರ್ ಮರಾಠಿ ಮನುಷ್ಯ. (ಜಗಳ ಕನ್ನಡದಾಗ, ಬ್ಯಾನಿ ಮರಾಠಿಯಾಗ. ಇಲ್ಲಿ ನಮ್ಮ ಪದ್ಧತಿ.) “ಸಾಹೇಬ, ಕುಡದಿದ್ದಕ್ಕ ಕಲ್ಲಾತು ಅಂತ ಇವಂಗ ಹೇಳ್ರಿ,” ಅಂದೆ.

“ಮಾವಶಿ, ಹಂಗ ಹೇಳಾಕ ಬರಂಗಿಲ್ಲ. ದಾರೂ ಕೆಟ್ಟದ್ದು ಖರೆ. ಮೈಯಾಗಿನ ನೀರು ಒಣಗಸ್ತದ. ಬೀರ್ ಕುಡದು ಕಲ್ಲು ಬೀಳಸ್ತೀನಿ ಅನ್ನೂದೂ ಔಷಧ ಅಲ್ಲ. ಆದ್ರ ಕಲ್ಲು ನೋಡಿ ಇಂವ ಕುಡುಕ ಅನ್ನಾಕ ಆಗಂಗಿಲ್ಲ. ಕುಡಿಯದವರಿಗೂ ಆಗ್ತದ. ಬಿಸಲಾಗ ದುಡದು ನೀರು ಕುಡೀದಿದ್ರ ಆಗ್ತದ.”

ನಾ ಸೋಲೂ ಹೆಣಮಗಳಲ್ಲ.

“ನೀರಂತ ನೀರು! ನಾ ಮುಂಜಾನಿ ಚಹಾ ಕುಡದು ಹೋದ್ರ ಸಂಜೀತನಕ ಒಂದು ಗುಟುಕು ಮುಟ್ಟಂಗಿಲ್ಲ. ನನಗಾಗೇದೇನು?”

ಡಾಕ್ಟರ್ ಪೆನ್ನು ಕೆಳಗಿಟ್ರು. “ಯಾಕ ಮುಟ್ಟಂಗಿಲ್ಲ?”

ನಾ ನೆಲ ನೋಡಿದೆ. ಆ ಮಾತು ಗಂಡಸರ ಮುಂದ ಹೇಳೂದಲ್ಲ. (ನಿಮಗ ಹೇಳ್ತೀನಿ. ಕುಡದ್ರ ಹೋಗೂದೆಲ್ಲಿ? ಮೊದಲ ಮರಿಗೆ ಜಾಲಿಕಂಟಿ ಇತ್ತು. ಅಲ್ಲಿ ಈಗ ನಾವ ಬಿಲ್ಡಿಂಗ್ ಎಬ್ಬಿಸೇವಿ.)

“ನಡಾ ನೋಯ್ತದೇನು?”

“ನಡಾ ಯಾರಿಗೆ ನೋಯಂಗಿಲ್ರಿ?”

“ಮಲಗ್ರಿ.”

ಮಲಗಿದೆ. ಹೊಟ್ಟಿಗೆ ತಣ್ಣಂದೇನೋ ಹಚ್ಚಿ, ಮಷಿನ್ ಆಡಿಸಿದ್ರು. ಈರಣ್ಣನ ಕಲ್ಲು ಸಾಸಿವಿಕಾಳಷ್ಟಂತ. ನಂದು ಕಡ್ಲಿಕಾಳು.

“ವೈನಿ,” ಅಂದ ಈರಣ್ಣ, ಮಾರಿ ಗಂಭೀರ ಮಾಡಿ, “ನೀವು ಯಾವ ಅಂಗಡ್ಯಾಗ ತಗೋತೀರಿ?”

ವಾಪಸ್ ಬರೂವಾಗ ಕುಸುಮ ರಿಕ್ಷಾದ ಅಂಚಿಗೆ ಸರದು ಕುಂತಳು. ಕಡೀಕ ಬಾಯಿ ಬಿಟ್ಟಳು: “ಹುಡುಗ ಬಂಗಾರ ಅದಾನ. ಮದುವಿ ಖಾಯಂ. ಆದ್ರ ಬೀಗ್ತಿ, ಮಾಯಾ ಏನೂ ಅರೀದ ಹುಡುಗಿ. ಅಕಿ ಮುಂದ ಮಾತ್ರ... ಬ್ಯಾಡ್ರಿ.”

“ಏ, ನಾ ಕುಡಿಯಂಗಿಲ್ಲ!”

“ಎಲ್ಲಾರೂ ಹಂಗ ಅಂತಾರ್ರಿ.”

ಮರುದಿನ ಕಂತ್ರಾಟದಾರನ ಮುಂದ ನಿಂತು, ಹೆಂಗಸರಿಗೆ ಸಂಡಾಸ್ ಆಗೂತನಕ ಬುಟ್ಟಿ ಎತ್ತಂಗಿಲ್ಲ ಅಂದೆ. ಎಲ್ಲಾ ಹೆಂಗಸರೂ ಬುಟ್ಟಿ ಇಳಿಸಿದ್ರು. ಕಡೀಕ ಅಂವ ತಗಡಿನ ಪತ್ರಾ ಬಡದು ಒಂದು ಕಟ್ಟಿಕೊಟ್ಟ. ಅವತ್ತಿಂದ ಹೆಗಲಿಗೆ ನೀರಿನ ಬಾಟ್ಲಿ. ತಾಸಿಗೊಮ್ಮೆ ಎತ್ತತೀನಿ, ಕುಡೀತೀನಿ. ಬಿಡಂಗಿಲ್ಲ.

ಆ ಬಾಟ್ಲಿನೇ ನನ್ನ ಮಾನ ಕಳೀತು. “ಗಂಡ ಹೋದ ದುಃಖ ಪಾಪ. ಈಗ ಹಗಲಿಗೂ ಸುರು ಮಾಡ್ಯಾಳ,” ಅಂತ ನಳದ ಹತ್ರ ಹೆಂಗಸರು ಕಣ್ಣು ಒರಸಿಕೊಂಡ್ರು.

ಐತವಾರ ಸಂಜೀಕ ಮನೋಜ ಬಂದ. ಭೀಮಣ್ಣನ ಜೋಡಿ ಕುಂತು ಕುಡೀತಿದ್ದಂವ. ಎಂದೂ ನನ್ನ ಬಾಗಿಲಿಗೆ ಬರೂ ಧೈರ್ಯ ಮಾಡಿದಂವ ಅಲ್ಲ. ಟೋಪಿ ತೆಗದು ಕೈಯಾಗ ಹಿಡಕೊಂಡು ನಿಂತ.

“ಅಕ್ಕಾ, ಒಬ್ಬಾಕಿ ಕುಂತು ಕುಡೀಬ್ಯಾಡ್ರಿ. ಒಳಗ ಸುಡತದ. ಭೀಮಣ್ಣನ ಜಾಗಾ ನಾವು ಯಾರಿಗೂ ಕೊಟ್ಟಿಲ್ಲ. ನಿಮ್ಮ ಸಲುವಾಗಿ ಖಾಲಿ ಐತಿ.”

ಸಿಟ್ಟಿಗೋ, ಏನಕ್ಕೋ, ನೀರು ತುಂಬಿದ ಚೆಂಬು ಎತ್ತಿದೆ, ಅವನ ತಲಿಗೆ ಹೊಡೀಬೇಕಂತ.

ಅವ ಚೆಂಬಿನ್ಯಾಗ ಇಣುಕಿ ನೋಡಿದ.

“ಇಷ್ಟು ನೀರು ಬೆರಸಬ್ಯಾಡ್ರಿ ಅಕ್ಕಾ. ರುಚಿ ಹೋಗ್ತದ.”