ನಮ್ಮ ಜಾಲಿಕಂಟಿಯನ್ನು ಕಾಡು ಮಾಡಿದ ಸೈಕಲ್ ಕಂಪನಿಗೆ

'ಹಸಿರು ಗಾಲಿ' ಸೈಕಲ್ ಪ್ರವಾಸ ಕಂಪನಿಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯ ಒಂದು ಸಣ್ಣ ಊರಿನಿಂದ, ಮೂರನೇ ಇಯತ್ತೆ ಮುಗಿಸಿ ನಾಲ್ಕನೆಯದಕ್ಕೆ ಎಮ್ಮೆ ಕಾಯಲು ಹೋದ ಶಂಕ್ರೆವ್ವ ಎಂಬ ಮುದುಕಿ ಎರಡೂ ಕೈ ಜೋಡಿಸಿ ಬರೆಯುವ ಪತ್ರವಿದು. ತಮ್ಮ ಗಾಲಿಗಳ ಗಾಳಿ ಇಳಿಯದಿರಲಿ, ಸರಪಳಿ ಕಳಚದಿರಲಿ, ಗಿರಾಕಿಗಳ ಮೊಣಕಾಲು ಗಟ್ಟಿಯಾಗಿರಲಿ. ಈ ಪತ್ರವನ್ನು ಪೇಪರಿನವರಿಗೂ ಕೊಟ್ಟಿದ್ದೇನೆ, ಬೇಸರ ಮಾಡಿಕೊಳ್ಳಬೇಡಿರಿ. ನಮ್ಮ ಓಣಿಯ ಸಂಗತಿಯನ್ನು ತಾವು ಜಗತ್ತಿಗೆಲ್ಲ ತೋರಿಸಿದ ಮೇಲೆ, ತಮ್ಮೊಬ್ಬರಿಗೇ ಗುಟ್ಟಾಗಿ ಬರೆಯುವುದು ಮರ್ಯಾದೆಯಲ್ಲ ಎನಿಸಿತು.

ಮೊದಲು ಉಪಕಾರ ನೆನೆಯಬೇಕು. ನನ್ನ ಮೊಮ್ಮಗಳು ಪ್ರಜ್ಞಾ ಫೋನಿನಲ್ಲಿ ತಮ್ಮ ಜಾಹೀರಾತನ್ನು ಓದಿ ಹೇಳುವವರೆಗೂ ನಾವು ಕಾಡಿನಲ್ಲಿದ್ದೇವೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ದಾಟಿ ನಮ್ಮ ಹೊಳೆಗೆ ಇಳಿಯುವ ದಾರಿಗೆ ತಾವು 'ದಟ್ಟ ಕಾಡಿನ ನದಿಕಣಿವೆ' ಎಂದು ಹೆಸರಿಟ್ಟಿದ್ದೀರಿ. ಅಷ್ಟು ದೂರ ಬಿಸಿಲು ತಿಂದು ಬಂದವನ ಕಣ್ಣಿಗೆ ಆಳೆತ್ತರದ ಜಾಲಿಕಂಟಿಯೂ ಕಾಡಾಗಿ ಕಂಡೀತು, ಅದರಲ್ಲಿ ತಮ್ಮ ತಪ್ಪಿಲ್ಲ. ಆಡು ಬಿಟ್ಟರೆ ಯಾರೂ ಮೂಸದ ಆ ಕಂಟಿಗೆ ತಾವು ಕೊಟ್ಟ ಮಾನವನ್ನು ನಮ್ಮ ತಲೆಮಾರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಅದರ ಮುಳ್ಳು ಕೂಡ ತಮ್ಮ ದುಬಾರಿ ಟೈರುಗಳಿಗೆ ಚುಚ್ಚದೆ ಮರ್ಯಾದೆ ತೋರಿಸುತ್ತಿದೆಯಂತೆ. ನಮ್ಮ ಅಂಗಾಲಿಗೆ ಅದು ಎಂದೂ ಇಷ್ಟು ವಿನಯ ತೋರಿಸಿಲ್ಲ.

ಇನ್ನು ಅದೇ ಜಾಹೀರಾತಿನ ಇನ್ನೊಂದು ಮಾತಿಗೆ ಬರುತ್ತೇನೆ. ಪ್ರಜ್ಞಾಳಿಂದ ಅದನ್ನು ಮತ್ತೆ ಮತ್ತೆ ಓದಿಸಿ ಬಾಯಿಪಾಠ ಮಾಡಿದ್ದೇನೆ: 'ನಸುಕಿನ ಮಬ್ಬಿನಲ್ಲಿ ಸವಾರರು ಕಾಡಿನ ದಾರಿಯಲ್ಲಿ ಸಾಗುವಾಗ, ಗಿಡಗಳ ನಡುವಿನಿಂದ ಕಣಿವೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು, ಜಲ ತುಂಬಿದ ತಂಬಿಗೆಯೊಂದಿಗೆ ಅತಿಥಿಗಳಿಗೆ ಮೌನ ಗೌರವ ಸಲ್ಲಿಸುತ್ತಾರೆ. ನಾಚಿಕೆಯ ಸ್ವಭಾವದವರಾದ್ದರಿಂದ ಬೆನ್ನು ತಿರುಗಿಸಿ ನಿಲ್ಲುವುದು ಇಲ್ಲಿನ ಪುರಾತನ ಸಂಪ್ರದಾಯ.' ಕೆಳಗೆ ಫೋಟೋ ಬೇರೆ. ಸೆರಗು ಹೊದ್ದು ಸಾಲಾಗಿ ನಿಂತ ಬೆನ್ನುಗಳಲ್ಲಿ ಎಡತುದಿಯದು ನನ್ನದು. ಬೆನ್ನು ಚೆನ್ನಾಗಿ ಬಂದಿದೆ ಎಂದು ಸೊಸೆ ಸುವರ್ಣಾ ಹೇಳಿದಳು, ಹೇಳಿ ಒಳಗೆ ಹೋಗಿ ಅತ್ತಳು.

ಸಾಹೇಬರೇ, ನಸುಕಿನಲ್ಲಿ ತಂಬಿಗೆ ಹಿಡಿದು ಕಂಟಿಯೊಳಗೆ ಹೋದ ಹೆಂಗಸು ಯಾತಕ್ಕೆ ಹೋಗಿರುತ್ತಾಳೆ ಎಂಬುದನ್ನು ತಮ್ಮಂಥ ಓದಿದವರಿಗೆ ನನ್ನಂಥವಳು ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಆ ಕಂಟಿ ನಮ್ಮ ಓಣಿಯ ಹೆಂಗಸರ ಹೊರಕಡೆಯ ಜಾಗ. ಗಂಡಸರದು ಹಳ್ಳದ ಆಚೆ. ಕೂತ ಹೆಂಗಸು ಗಂಡಸಿನ ಸುಳಿವು ಸಿಕ್ಕ ಕೂಡಲೇ ಎದ್ದು, ಅವನು ದಾಟಿಹೋಗುವವರೆಗೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಅದನ್ನು ತಾವು ಗೌರವ ಎಂದುಕೊಂಡಿರಿ. ಹೊತ್ತು ಏರುವ ಮುಂಚೆ ಆ ಬಂಡಿದಾರಿಯಲ್ಲಿ ನಮ್ಮೂರ ಗಂಡಸು ಕಾಲಿಡುವುದಿಲ್ಲ. ಇಡಲೇಬೇಕಾದರೆ ದೂರದಿಂದಲೇ ಕೆಮ್ಮುತ್ತ ಬರುತ್ತಾನೆ. ಹಾಲು ಹಾಕಲು ಹೋಗುವ ದಿಲಾವರನ ಕೆಮ್ಮು ಕೇಳಿ ಕೇಳಿ, ಸರಕಾರಿ ದವಾಖಾನೆಯವರು ಅವನ ಕಫ ತಪಾಸಣೆ ಮಾಡಿಸಿದರು. ತಮ್ಮವರಾದರೋ ಗಂಟೆಯಿಲ್ಲ, ಕೆಮ್ಮಿಲ್ಲ, ಬೆಕ್ಕಿನಂತೆ ಬರುತ್ತಾರೆ. ಇದಕ್ಕೆ ತಾವು 'ಸದ್ದಿಲ್ಲದ ಪಯಣ' ಎಂದು ಬೇರೆ ದುಡ್ಡು ಹಿಡಿಯುತ್ತೀರಂತೆ.

ಮನೆಮನೆಗೆ ಪಾಯಖಾನೆ ಇಲ್ಲವೇ ಎಂದು ತಾವು ಕೇಳಬಹುದು. ಇವೆ. ಗೋಡೆ ಇದೆ, ಬಾಗಿಲಿದೆ, ಬಾಗಿಲಿನ ಮೇಲೆ ಬಣ್ಣದ ಚಿತ್ರವೂ ಇದೆ. ನಳಕ್ಕೆ ನೀರು ಬಿಡುವ ದಿನ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಹೊಳೆಯಿಂದ ಹೊತ್ತು ತಂದ ಕೊಡ ಅಡುಗೆಗೆ ಸಾಕಾದರೆ ಪುಣ್ಯ. ಹೀಗಾಗಿ ನಮ್ಮ ಪಾಯಖಾನೆಯಲ್ಲಿ ಒಲೆಗೆ ಹಚ್ಚುವ ಸೆಗಣಿಯ ಕುಳ್ಳು ಒಟ್ಟಿದ್ದೇವೆ, ಮಳೆಗೆ ನೆನೆಯದೆ ಸುಖವಾಗಿವೆ.

ಒಂದು ದಿನ ನಾನೇ ಧೈರ್ಯ ಮಾಡಿ ತಮ್ಮ ಮುಂದಾಳನ್ನು ನಿಲ್ಲಿಸಿ, ತಮ್ಮಾ, ಇದು ಹಾದು ಹೋಗುವ ಜಾಗ ಅಲ್ಲ ಎಂದೆ. ಆತ ತಲೆಯ ಬುಟ್ಟಿ ತೆಗೆದು ನಮಸ್ಕರಿಸಿ, ತಂಬಿಗೆಯನ್ನು ಇನ್ನೊಂದಿಷ್ಟು ಮೇಲೆ ಹಿಡಿದರೆ ಫೋಟೋಕ್ಕೆ ಬೆಳಕು ಬೀಳುತ್ತದೆ ಎಂದ. ಸುಸಂಸ್ಕೃತ ಹುಡುಗ. ತಾಯಿತಂದೆ ಚೆನ್ನಾಗಿ ಬೆಳೆಸಿದ್ದಾರೆ.

ಇಷ್ಟೇ ಆಗಿದ್ದರೆ ಈ ಮುದುಕಿ ಕಾಗದ ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯ ರಾಜಬಿಯ ಸೊಸೆ ತರನ್ನುಮ ಈಗ ತುಂಬಿದ ಬಸುರಿ. ತಮ್ಮ ಸವಾರರು ಬಂದಾಗಲೆಲ್ಲ ಆ ಹೊಟ್ಟೆ ಹೊತ್ತು ಕಂಟಿಯ ಕೊಂಬೆ ಹಿಡಿದು ಏಳುವುದು, ಕೂಡ್ರುವುದು, ಮತ್ತೆ ಏಳುವುದು. ಕಡೆಗೆ ಆ ಹುಡುಗಿ ಯಾರಿಗೂ ಹೇಳದೆ ಒಂದು ಉಪಾಯ ಕಂಡುಕೊಂಡಳು. ಮಧ್ಯಾಹ್ನವಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು, ರಾತ್ರಿ ಊಟವನ್ನೂ ಬಿಟ್ಟಳು. ಹೋದ ವಾರ ರೊಟ್ಟಿ ಬಡಿಯುತ್ತ ಬಡಿಯುತ್ತ ಒಲೆಯ ಮುಂದೆಯೇ ಒರಗಿದಳು. ಮುದ್ದೇಬಿಹಾಳಕ್ಕೆ ಒಯ್ದು ಸಲಾಯಿನ್ ಹಚ್ಚಿಸಿದೆವು. ಹೊಟ್ಟೆಯೊಳಗಿನ ಕೂಸಿಗೂ ನೀರು ಸಾಲದು ಎಂದು ಡಾಕ್ಟರಮ್ಮ ರಾಜಬಿಯನ್ನು ಬೈದಳು. ಸೊಸೆಗೆ ನೀರು ಕೊಡದ ಅತ್ತೆ ಎಂಬ ಹೆಸರು ಹೊತ್ತು ಆ ಬಡಪಾಯಿ ಗೋಡೆ ಹಿಡಿದು ನಿಂತಿದ್ದಳು. ನಾನು ತರನ್ನುಮಳ ಮಂಚದ ಹತ್ತಿರ ಕೂತು ಯಾಕವ್ವ ಹೀಗೆ ಮಾಡಿಕೊಂಡೆ ಎಂದರೆ, ಅವಳು ಅಂದದ್ದು ಇಷ್ಟೇ:

"ಕುಡದ್ರ ಹೋಗಬೇಕಾಗ್ತೈತಿ ಆಯಿ. ಹೋದ್ರ ಅವರು ಕೈ ಬೀಸ್ತಾರ."

ಆದಕಾರಣ ತಮ್ಮಲ್ಲಿ ಕೆಲವು ಬೇಡಿಕೆಗಳು. ತಮ್ಮ ಕೈ ದೊಡ್ಡದು, ನದಿ ಇರುವಲ್ಲೆಲ್ಲ ಕಾಡು ಎಬ್ಬಿಸುವಂಥದು. ಸೂರ್ಯನಿಗೂ ಒಂದು ಮಾತು ಹೇಳಿ, ನಮ್ಮೂರಿನಲ್ಲಿ ಮಾತ್ರ ತುಸು ತಡವಾಗಿ ಹುಟ್ಟುವಂತೆ ಮಾಡಬೇಕು. ಅದು ಆಗದಿದ್ದರೆ ನಮ್ಮ ದಿಲಾವರನನ್ನು ಸಂಬಳ ಕೊಟ್ಟು ಇಟ್ಟುಕೊಂಡು ತಮ್ಮ ಗಿರಾಕಿಗಳಿಗೆ ಕೆಮ್ಮುವ ತರಬೇತಿ ಕೊಡಿಸಬೇಕು. ಅದೂ ಆಗದಿದ್ದರೆ, ಅತಿಥಿ ಸತ್ಕಾರ ಎರಡೂ ಕಡೆಯಿಂದ ನಡೆಯಬೇಕಾದ್ದರಿಂದ, ನಮ್ಮ ಓಣಿಯ ಹೆಂಗಸರೆಲ್ಲ ಒಂದು ಟೆಂಪೋ ಮಾಡಿಕೊಂಡು ತಮ್ಮ ಮನೆಗೆ ಬಂದು, ತಾವು ಮುಂಜಾನೆ ಬಚ್ಚಲಮನೆಯಲ್ಲಿರುವಾಗ ಸದ್ದಿಲ್ಲದೆ ಬಾಗಿಲು ತೆರೆದು ಕೈ ಬೀಸುತ್ತೇವೆ. ತಾವು ಎದ್ದು ನಿಂತು ಗೌರವ ಸಲ್ಲಿಸಬೇಕು. ಇವೆಲ್ಲ ಕಷ್ಟ ಎನಿಸಿದರೆ ಕಡೆಯದೊಂದಿದೆ, ಅದನ್ನು ಕೇಳಲು ನನಗೇ ಸಂಕೋಚ, ಏಕೆಂದರೆ ಅದು ತೀರ ಸಣ್ಣದು: ಫೋಟೋ ತೆಗೆದುಹಾಕಿ, ಕಂಟಿಯ ದಾರಿ ಬಿಟ್ಟು ಡಾಂಬರು ರಸ್ತೆಯಲ್ಲಿ ಹೋಗಿರಿ. ಅಲ್ಲಿಂದಲೂ ಹೊಳೆ ಕಾಣುತ್ತದೆ.

ಉತ್ತರಕ್ಕೆ ಕಾಯುವಷ್ಟು ಪುರುಸೊತ್ತು ತರನ್ನುಮಳ ಹೊಟ್ಟೆಗೆ ಇಲ್ಲ. ಆದ್ದರಿಂದ ಇವತ್ತು ಸಂಜೆ ರಾಜಬಿಯ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕೂಡಿ ಒಂದು ತೀರ್ಮಾನ ಮಾಡಿದ್ದೇವೆ. ತರನ್ನುಮ ಒಂದು ಚರಿಗೆ ನೀರನ್ನು ನಮ್ಮೆದುರೇ ಗಟಗಟ ಕುಡಿದಳು. ನಾಳೆ ನಸುಕಿನಲ್ಲಿ ಅವಳನ್ನು ನಡುವೆ ಕೂಡ್ರಿಸಿ ನಾವೆಲ್ಲ ಸುತ್ತ ಕೂಡ್ರುತ್ತೇವೆ. ತಮ್ಮ ಸವಾರರು ಬರಲಿ, ಕೈ ಬೀಸಲಿ, ಅವರ ಇಷ್ಟ. ನಾವು ಏಳುವುದಿಲ್ಲ. ಇಷ್ಟು ವರ್ಷ ಬೆನ್ನು ತಿರುಗಿಸುವ ಪಾಳಿ ನಮ್ಮದಾಗಿತ್ತು, ಇನ್ನು ಅವರದು.

ಕೂತಲ್ಲಿಂದಲೇ,
ತಮ್ಮ ವಿಶ್ವಾಸಿ,
ಶಂಕ್ರೆವ್ವ

ತಾ.ಕ.: 'ಈ ಕಾಡಿನ ಮೆತ್ತನೆಯ ಮಣ್ಣಿನ ಮೇಲೆ ಬೂಟು ಕಳಚಿ ಬರಿಗಾಲಿನಲ್ಲಿ ನಡೆದು ಪ್ರಕೃತಿಯ ಸ್ಪರ್ಶ ಅನುಭವಿಸಿರಿ' ಎಂದು ಜಾಹೀರಾತಿನ ಕೊನೆಗೆ ಬರೆದಿದ್ದೀರಿ. ಬೇರೆ ಏನನ್ನಾದರೂ ಅಳಿಸಿರಿ, ಆ ಸಾಲನ್ನು ಮಾತ್ರ ದಯವಿಟ್ಟು ಹಾಗೆಯೇ ಇಡಿರಿ.