ದೊಡ್ಡ ಪೆಟ್ಟಿಗೆಗೆ ಸಿಕ್ಕ ತೀರ್ಪು

ಶಹಾಪುರದ ರೇವಣಸಿದ್ದಪ್ಪನಿಗೆ ತನ್ನ ಆಂಪ್ಲಿಫೈಯರ್ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ಸೇರುತ್ತಿರಲಿಲ್ಲ. ಹಗುರಾಗಿ ಎತ್ತುವುದಂತೂ ಯಾರಿಂದಲೂ ಆಗುತ್ತಿರಲಿಲ್ಲ. ರುಬ್ಬುಗುಂಡಿನಂಥ ಟ್ರಾನ್ಸ್‌ಫಾರ್ಮರ್ ಒಳಗಿದ್ದ ಆ ಕಬ್ಬಿಣದ ಪೆಟ್ಟಿಗೆಯನ್ನು ಮದುವೆಯಾದ ವರ್ಷ ಪಡಸಾಲೆಯ ಕಟ್ಟೆಯ ಮೇಲೆ ಕೂರಿಸುವಾಗ ಅವನ ಸೊಂಟ ಹಿಡಿದುಕೊಂಡಿತ್ತು. (ಸೊಂಟ ಬಿಟ್ಟಿತು, ಪೆಟ್ಟಿಗೆಯ ಮೋಹ ಬಿಡಲಿಲ್ಲ.)

ಸಂಜೆಯಾದರೆ ಹೆಂಡತಿ ಗುರುದೇವಿಯೇ ಅಡುಗೆಮನೆಯಿಂದ "ಪೆಟ್ಟಿಗಿ ಹಚ್ರಿ" ಎಂದು ನೆನಪಿಸುತ್ತಿದ್ದಳು. ಚಳಿಗಾಲದಲ್ಲಂತೂ ಒಂದು ದಿನವೂ ತಪ್ಪಗೊಡುತ್ತಿರಲಿಲ್ಲ. ಅದರ ಮೇಲೆ ಕಸೂತಿ ಹಾಕಿದ ವಸ್ತ್ರ ಬೇರೆ ಹೊದಿಸುತ್ತಿದ್ದಳು. ಇಂಥ ಸಂಗೀತರಸಿಕಳಾದ ಧರ್ಮಪತ್ನಿ ಯಾರಿಗುಂಟು ಎಂದುಕೊಂಡು ಅವನು ಕಣ್ಣು ಮುಚ್ಚಿ ತಬಲಾ ಕೇಳುತ್ತ ಕೂರುತ್ತಿದ್ದ.

ಈ ಜನವರಿಯಲ್ಲಿ ಯಾದಗಿರಿಯಿಂದ ಬಂದ ಅವಳ ತಮ್ಮ ಸಂಗಮನಾಥ, ಜೇಬಿನಿಂದ ಎಲೆಅಡಿಕೆ ಡಬ್ಬಿಯಷ್ಟೇ ಇದ್ದ ಹೊಸ ಆಂಪ್ಲಿಫೈಯರ್ ತೆಗೆದ. ಇದು ಬಿಸಿಯಾಗುವುದಿಲ್ಲ, ಕರೆಂಟು ತಿನ್ನುವುದಿಲ್ಲ, ಇನ್ನು ಮನೆಮನೆಗೂ ಇಂಥವೇ ಎಂದು ವರ್ಣಿಸಿ, "ಮಾಮಾ, ನಿಮ್ಮ ಪೆಟ್ಟಿಗಿ ಗುಜರಿಗಿ ಹಾಕ್ರಿ" ಎಂದ. ರೇವಣಸಿದ್ದಪ್ಪ ಕೆರಳಿದ. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಆ ಸಂಜೆ ಸಣ್ಣದು ಹಾಡಬೇಕು, ಬೆಳಿಗ್ಗೆ ಗುರುದೇವಿ ತೀರ್ಪು ಕೊಡಬೇಕು, ಹಳೆಯದು ಸೋತರೆ ಗುಜರಿಗೆ.

ಸಣ್ಣದು ಹಾಡಿತು. ಕಷ್ಟವೆಂದರೆ, ಚೆನ್ನಾಗಿಯೇ ಹಾಡಿತು. ಎಷ್ಟು ಕಿವಿಗೊಟ್ಟರೂ ರೇವಣಸಿದ್ದಪ್ಪನಿಗೆ ಒಂದು ಕೊಂಕೂ ಸಿಗಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ಪೆಟ್ಟಿಗೆ ಗುಜರಿಯವನ ತಕ್ಕಡಿ ಏರುವುದನ್ನು ನೆನೆದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಬೆಳಿಗ್ಗೆ ಗುರುದೇವಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು.

"ಹಳೇದ ಇರ್ಲಿ. ಗುಜರಿ ಮಾತು ಯಾರೂ ಆಡಬ್ಯಾಡ್ರಿ."

ರೇವಣಸಿದ್ದಪ್ಪನ ಎದೆ ಉಬ್ಬಿತು. ಕಿವಿಯೆಂದರೆ ಹೀಗಿರಬೇಕು, ಬಲ್ಲವರೇ ಬಲ್ಲರು ಬೆಲ್ಲದ ರುಚಿಯ ಎಂದು ಭಾಷಣಕ್ಕೆ ನಿಂತೇಬಿಟ್ಟ. ಪೆಚ್ಚಾದ ಸಂಗಮನಾಥ, ಅಂಥದ್ದೇನು ಫರಕು ಕಂಡಿತು ಎಂದು ಅಕ್ಕನನ್ನು ಕೇಳಿದ. ಅವಳು ಒಳಗಿನಿಂದ ಬೋಗುಣಿ ತಂದು ಇಬ್ಬರ ನಡುವೆ ಇಟ್ಟಳು. ನಿನ್ನೆ ಹೆಪ್ಪು ಹಾಕಿದ ಹಾಲು ಇನ್ನೂ ಹಾಲಾಗಿಯೇ ಇತ್ತು.

"ಥಂಡಿ ದಿನದಾಗ ಆ ಬಿಸಿ ಪೆಟ್ಟಿಗಿ ಮ್ಯಾಲ ಇಟ್ರನ ಮಸರಾಗ್ತದ. ಈ ಸಣ್ಣದು ತಣ್ಣಗ ಕುಂತದ. ಇಷ್ಟು ವರ್ಷ ವಸ್ತ್ರ ಯಾತಕ್ಕ ಹೊಚ್ಚತಿದ್ದೆ ಅಂತ ತಿಳಕೊಂಡಿದ್ರಿ?"

ಕಸೂತಿಯ ಕೆಳಗೆ ಬೋಗುಣಿ ಇರುತ್ತಿತ್ತೆಂಬುದು, ಪಾಪ, ಕಣ್ಣು ಮುಚ್ಚಿ ಕೇಳುವ ರಸಿಕನಿಗೆ ಹೇಗೆ ಕಾಣಬೇಕು?

ಸಂಜೆ ದೊಡ್ಡ ಪೆಟ್ಟಿಗೆಗೆ ಮರಳಿ ಪಟ್ಟಾಭಿಷೇಕವಾಯಿತು. ಸಂಗಮನಾಥ ಸಣ್ಣದನ್ನೂ ಅಕ್ಕನಿಗೆಂದು ಬಿಟ್ಟುಹೋಗಿದ್ದ. ಗುರುದೇವಿ ಬೋಗುಣಿ ಇಟ್ಟು, ವಸ್ತ್ರ ಹೊದಿಸಿ, ಎಂದಿನಂತೆ ಗಂಡನ ಪಕ್ಕ ಬಂದು ಕೂತಳು. ಮಸರಿಗಾಗಿಯೇ ಆಗಿದ್ದರೆ ಕೂರುತ್ತಿದ್ದಳೇ? ರೇವಣಸಿದ್ದಪ್ಪನಿಗೆ ಹೋದ ಜೀವ ಬಂದಂತಾಗಿ, ಹಾಡು ಹಚ್ಚಲು ದೊಡ್ಡ ಪೆಟ್ಟಿಗೆಯತ್ತ ಕೈ ಚಾಚಿದ. ಅವಳು ಆ ಕೈಯನ್ನು ಮೆಲ್ಲಗೆ ಹಿಡಿದಳು.

"ಹಾಡು ಸಣ್ಣದರಾಗ ಹಚ್ರಿ. ಅದರ ಧ್ವನಿ ಛಲೋ ಅದ. ಇದು ಸುಮ್ನ ಚಾಲೂ ಇರ್ಲಿ."