ನಕಲಿ ಪತ್ರದ ಐದು ಲಕ್ಷಣಗಳು

ಲ್ಯಾಬ್ ಮೇಷ್ಟ್ರು ಆ ಮಂಗಳವಾರ ಮಾಡಿದ ತಪ್ಪು ಒಂದೇ. ಚರ್ಚಿನ ಹಿಂಭಾಗದ ಆಫೀಸಿನ ಬಾಗಿಲು ತೆರೆದವರು ಬೀಗದ ಕೈಯನ್ನು ಹೊರಗಡೆ ತೂತಿನಲ್ಲೇ ಬಿಟ್ಟು ಒಳಗೆ ಹೋದರು.

ಮೂವತ್ತೆರಡು ವರ್ಷ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ ನೋಡಿಕೊಂಡವರು, ಒಂದು ಆಸಿಡ್ ಬಾಟಲಿಯ ಮುಚ್ಚಳವನ್ನೂ ಸಡಿಲ ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ಚರ್ಚಿನ ಸಭೆಯ ಕಾರ್ಯದರ್ಶಿಯಾದರು. ಹೆಸರು ಮಾತ್ರ ಲ್ಯಾಬ್ ಮೇಷ್ಟ್ರು ಎಂದೇ ಉಳಿಯಿತು. ಅಂಥವರು ಕೀಲಿ ಮರೆಯಬೇಕಾದರೆ ತಲೆಯಲ್ಲಿ ಬೇರೆ ಏನೋ ಇರಲೇಬೇಕು. ಎರಡು ಇದ್ದವು. ಒಂದು, ಹೊಸ ಸಾಫ್ಟ್‌ವೇರ್. ಅದರಲ್ಲಿ ಒಂದು ಗುಂಡಿ ಒತ್ತಿದರೆ ಭಾನುವಾರದ ಪ್ರಕಟಣೆ ನೂರಹದಿನಾಲ್ಕು ಕುಟುಂಬಗಳ ಇಮೇಲಿಗೆ ಒಟ್ಟಿಗೆ ಹೋಗುತ್ತಿತ್ತು. ಇನ್ನೊಂದು, ಅತ್ತೆ.

ಅತ್ತೆ ಕಣ್ಣು ತೋರಿಸಿಕೊಂಡು ಹೋಗಲು ಬಂದವರು. ಕಣ್ಣಿನ ಡಾಕ್ಟರು ಆ ಊರಿಗೆ ಬರುವುದು ಎರಡು ತಿಂಗಳಿಗೊಮ್ಮೆ. ಹೋದ ಸಲ ಅವರು ಬಂದ ದಿನ ಮೇಷ್ಟ್ರು ಚರ್ಚಿನ ಸಮಿತಿಯ ಮೀಟಿಂಗಿನಲ್ಲಿ ಮೈಮರೆತು ಕೂತಿದ್ದರು. ಅಂದಿನಿಂದ ಎರಡು ತಿಂಗಳು ಮನೆಯ ಆರಾಮಕುರ್ಚಿ ಅತ್ತೆಯದು, ರೇಡಿಯೊ ಅತ್ತೆಯದು, ಫ್ಯಾನಿನ ವೇಗವೂ ಅತ್ತೆಯದು. ದಿನಪತ್ರಿಕೆಯೂ ಅವರದೇ. ಕಣ್ಣು ಕಾಣದ್ದರಿಂದ ಮೇಷ್ಟ್ರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಬೇಕು, ಮರಣವಾರ್ತೆಯ ಪುಟವನ್ನೂ ಸೇರಿಸಿ.

"ಹನ್ನೆರಡೂವರೆಗೆ ಅಮ್ಮನ್ನ ಡಾಕ್ಟರ ಮುಂದೆ ಕೂರಿಸಬೇಕು," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. "ಒಂದಕ್ಕೆ ಅವರು ಬ್ಯಾಗ್ ಎತ್ಕೊಂಡು ಹೋಗ್ಬಿಡ್ತಾರೆ. ಈ ಸಲಾನೂ ತಪ್ಪಿಸಿದ್ರೆ ಇನ್ನೆರಡು ತಿಂಗಳು. ಆಮೇಲೆ ನನ್ನೆದುರು ಮುಖ ಹುಳ್ಳಗೆ ಮಾಡ್ಕೊಂಡು ಓಡಾಡಬೇಡಿ."

"ಹನ್ನೊಂದೂವರೆಗೆ ಕಾರು ಬಾಗಿಲ ಮುಂದೆ ಇರತ್ತೆ ಅಂದ್ಕೋ," ಎಂದು ಮೇಷ್ಟ್ರು ಹೊರಟರು. ಆ ಅವಸರದಲ್ಲಿ ಫೋನು ಚಾರ್ಜಿಗೆ ಹಾಕಿದಲ್ಲೇ ಉಳಿಯಿತು.

ಮುಂದೆ ನಡೆದದ್ದನ್ನು ಅವರು ತಿಳಿದದ್ದು ಮರುದಿನ. ಗಂಟೆ ಬಾರಿಸುವ ಗಂಟೆಯಣ್ಣ ಜಗಲಿ ಗುಡಿಸಲು ಬಂದ. ಬಾಗಿಲಿನಲ್ಲಿ ಕೀಲಿ ನೇತಾಡುವುದನ್ನು ಕಂಡ. "ಅಯ್ಯೋ, ಮೇಷ್ಟ್ರಿಗೆ ವಯಸ್ಸಾಯ್ತು," ಎಂದು ಮರುಗಿ, ಬಾಗಿಲಿಗೆ ಎರಡು ಸುತ್ತು ಬೀಗ ತಿರುಗಿಸಿ, ಕೀಲಿಯನ್ನು ಜೋಪಾನವಾಗಿ ಜೇಬಿಗಿಳಿಸಿ, ಭಾವನ ಮನೆಗೆ ಬಣ್ಣ ಹೊಡೆಯಲು ಬಸ್ಸು ಹತ್ತಿದ.

ಹನ್ನೊಂದೂಕಾಲಿಗೆ ಮೇಷ್ಟ್ರು ಎದ್ದು ಹಿಡಿ ತಿರುಗಿಸಿದರು. ಬಾಗಿಲು ಅಲುಗಲಿಲ್ಲ. ಎಳೆದರು, ನೂಕಿದರು, ಭುಜ ಕೊಟ್ಟರು. ಕಬ್ಬಿಣದ ಬಾಗಿಲು, ಕಳ್ಳರ ಭಯಕ್ಕೆಂದು ಸಮಿತಿಯ ಮುಂದೆ ವಾದಿಸಿ ಹಾಕಿಸಿದವರು ಅವರೇ. ಕಿಟಕಿಗೆ ಸರಳು. ಸರಳಿನಾಚೆ ಹಿಟ್ಟಿನ ಗಿರಣಿಯ ಗೋಡೆ. ಗಿರಣಿ ಬೆಳಗಿನಿಂದ ಸಂಜೆಯವರೆಗೂ ಗುಡುಗುತ್ತಿತ್ತು. ಮೇಷ್ಟ್ರು ಗಂಟಲು ಹರಿಯುವ ಹಾಗೆ ಕೂಗಿದರು. ಅವರ ಕೂಗು ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

ಪರವಾಗಿಲ್ಲ, ಕಂಪ್ಯೂಟರ್ ಇದೆಯಲ್ಲ! ತಮ್ಮ ಇಮೇಲ್ ತೆರೆಯಲು ಹೋದರು. 'ನಿಮ್ಮ ಫೋನಿಗೆ ಬಂದ ಆರು ಅಂಕಿಗಳನ್ನು ಇಲ್ಲಿ ಬರೆಯಿರಿ' ಎಂದಿತು ಪರದೆ. ಈ ಭದ್ರತೆಯನ್ನು ಇಡೀ ಸಭೆಗೆ ಕಡ್ಡಾಯ ಮಾಡಿಸಿದವರೂ ಅವರೇ. ಇನ್ನು ತೆರೆದಿದ್ದದ್ದು ಹೊಸ ಸಾಫ್ಟ್‌ವೇರ್ ಒಂದು. ಅದರಲ್ಲಿ ಕಳಿಸಿದರೆ ಎಲ್ಲರಿಗೂ ಹೋಗುತ್ತದೆ, ಉತ್ತರವೂ ಎಲ್ಲರಿಗೂ ಕಾಣುತ್ತದೆ. ಸಭೆ ಒಂದೇ ಮನಸ್ಸಿನಿಂದಿರಲಿ ಎಂದು ಹಾಗೆ ಜೋಡಿಸಿದ್ದರು. ಒಳ್ಳೆಯದೇ ಆಯಿತು, ನೂರಹದಿನಾಲ್ಕು ಮನೆಯಲ್ಲಿ ಒಬ್ಬರಾದರೂ ಬರುವುದಿಲ್ಲವೇ? ಬರೆದರು:

'ಸಭೆಯ ಸಮಸ್ತರಿಗೆ. ತುರ್ತು. ೧. ನಾನು ಚರ್ಚಿನ ಆಫೀಸಿನಲ್ಲಿ ಸಿಕ್ಕಿಬಿದ್ದಿದ್ದೇನೆ. ೨. ಫೋನ್ ಮಾಡಬೇಡಿ, ಫೋನು ನನ್ನ ಬಳಿ ಇಲ್ಲ. ೩. ಯಾರಾದರೂ ಕೂಡಲೇ ಇಲ್ಲಿಗೆ ಬನ್ನಿ. ೪. ಇದು ಹೊಸ ವಿಳಾಸ, ಗಾಬರಿಪಡಬೇಡಿ. ಇಂತಿ, ಕಾರ್ಯದರ್ಶಿ.'

ಗುಂಡಿ ಒತ್ತಿದ ಮೇಲೆ, ಉತ್ತರಪತ್ರಿಕೆ ತಿದ್ದುವ ಅಭ್ಯಾಸಬಲದಿಂದ ಇನ್ನೊಮ್ಮೆ ಓದಿದರು. ಬೆರಳು ಮಡಚಿ ಎಣಿಸಿದರು.

ಹಿಂದಿನ ಭಾನುವಾರವಷ್ಟೇ ಅವರು ಆರಾಧನೆ ಮುಗಿದ ಮೇಲೆ ಇಡೀ ಸಭೆಯನ್ನು ಕೂರಿಸಿ ಮುಕ್ಕಾಲು ಗಂಟೆ ಪಾಠ ಮಾಡಿದ್ದರು. ಸಭಾಪಾಲಕರ ಹೆಸರಿನಲ್ಲಿ ಯಾರೋ ಮೋಸದ ಪತ್ರ ಕಳಿಸಿ ಇಬ್ಬರು ಅಜ್ಜಿಯರನ್ನು ಬೇಸ್ತು ಬೀಳಿಸಿದ್ದರಿಂದ ಪಾಠದ ವಿಷಯ 'ನಕಲಿ ಪತ್ರದ ಐದು ಲಕ್ಷಣಗಳು'. ಅವಸರ ಮಾಡುತ್ತದೆ. ಪರಿಚಿತರು ಎಲ್ಲೋ ಸಿಕ್ಕಿಬಿದ್ದ ಕತೆ ಹೇಳುತ್ತದೆ. ಫೋನ್ ಮಾಡಬೇಡಿ ಅನ್ನುತ್ತದೆ. ಎಲ್ಲಿಗೋ ಬನ್ನಿ ಅನ್ನುತ್ತದೆ. ಕಂಡರಿಯದ ವಿಳಾಸದಿಂದ ಬರುತ್ತದೆ. ಅದನ್ನು ಅಚ್ಚು ಹಾಕಿಸಿ ಮನೆಮನೆಗೂ ಹಂಚಿದ್ದರು.

ಐದಕ್ಕೆ ಐದು. ಅವರ ಯಾವ ವಿದ್ಯಾರ್ಥಿಯೂ ಇಷ್ಟು ಅಂಕ ತೆಗೆದಿರಲಿಲ್ಲ.

ಮೊದಲ ಉತ್ತರ ಎರಡೇ ನಿಮಿಷಕ್ಕೆ ಬಂತು. ನಿವೃತ್ತ ಪೋಸ್ಟ್‌ಮಾಸ್ಟರರದು. ಪಾಠದ ದಿನ ಮೊದಲ ಬೆಂಚಿನಲ್ಲಿ ಕೂತು ಮೂರು ಪುಟ ಬರೆದುಕೊಂಡವರು.

'ಲೇ ಕಳ್ಳ! ನಮ್ಮ ಲ್ಯಾಬ್ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡವರು ನಾವು. ಬೇರೆ ಊರು ನೋಡ್ಕೋ.'

ಅದರ ಹಿಂದೆಯೇ ಹಾಡಿನ ಟೀಚರ್: 'ಭಲೇ ಪೋಸ್ಟ್‌ಮಾಸ್ಟರೇ! ನಾನೂ ಐದು ಲಕ್ಷಣ ಎಣಿಸಿದೆ.' ಟೈಲರ್: 'ನಾನು ಫ್ರಿಜ್ಜಿನ ಮೇಲೆ ಅಂಟಿಸಿರೋ ಹಾಳೆ ನೋಡಿ ಎಣಿಸಿದೆ. ಐದೂ ಇದೆ!' ನಲವತ್ತು ಮನೆಗಳಿಂದ ಚಪ್ಪಾಳೆಯ ಚಿತ್ರಗಳು ಬಂದವು. ಪಾಠ ಇಷ್ಟು ಚೆನ್ನಾಗಿ ಮನಸ್ಸಿಗೆ ಇಳಿದದ್ದು ಕಂಡು ಮೇಷ್ಟ್ರಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣ ಗಡಿಯಾರ ನೋಡಿದರು. ಹನ್ನೊಂದು ಐವತ್ತು.

'ಪೋಸ್ಟ್‌ಮಾಸ್ಟರೇ, ನಾನೇ ರೀ! ಬೇಕಿದ್ದರೆ ಪರೀಕ್ಷೆ ಮಾಡಿ. ಸಂಶಯ ಬಂದರೆ ಆ ಮನುಷ್ಯನಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ ಅಂತ ನಾನೇ ಹೇಳಿಕೊಟ್ಟಿದ್ದೆನಲ್ಲ?'

ಪೋಸ್ಟ್‌ಮಾಸ್ಟರರು ಒಪ್ಪಿದರು. 'ಸರಿ. ಮೂರು ತಿಂಗಳ ಹಿಂದೆ ಚರ್ಚಿನಲ್ಲಿ ನನ್ನ ಕೊಡೆ ಕಾಣೆಯಾಯಿತು. ಆ ದಿನ ಮೇಷ್ಟ್ರು ಯಾವ ಕೊಡೆ ಹಿಡಿದು ಮನೆಗೆ ಹೋದರು?'

ಮೇಷ್ಟ್ರಿಗೆ ಎಲ್ಲ ನೆನಪಿತ್ತು. ಆ ದಿನ ಜೋರು ಮಳೆ. ಮೂಲೆಯಲ್ಲಿ ಒಂದೇ ಕೊಡೆ. ನಾಳೆ ಕೊಟ್ಟರಾಯಿತು ಎಂದುಕೊಂಡಿದ್ದು. ನಾಳೆಯಾಗುವಷ್ಟರಲ್ಲಿ ಪೋಸ್ಟ್‌ಮಾಸ್ಟರರು ಊರೆಲ್ಲ ಕಳ್ಳನನ್ನು ಬೈಯುತ್ತಿದ್ದರು. ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಆದರೆ ಇನ್ನೆರಡು ತಿಂಗಳು ಮರಣವಾರ್ತೆ ಓದುವ ಧೈರ್ಯವೂ ಇರಲಿಲ್ಲ.

'ನಿಮ್ಮದೇ ಕೊಡೆ,' ಎಂದು ಬರೆದರು. 'ಕಪ್ಪು ಬಣ್ಣ, ಮರದ ಹಿಡಿ. ನಮ್ಮ ಮನೆಯ ಬೀರುವಿನ ಹಿಂದೆ ಇದೆ. ಕ್ಷಮಿಸಿ.'

ಉತ್ತರ ಬಾಣದ ಹಾಗೆ ಬಂತು. 'ಸಿಕ್ಕಿಬಿದ್ದ! ಕೊಡೆಯಿಲ್ಲದೆ ನೆನೆದುಕೊಂಡೇ ಹೋದೆ ಅಂತ ಮೇಷ್ಟ್ರೇ ಹೇಳಿದ್ರು. ಮರುದಿನ ಪಾಪ, ನನ್ನ ಜೊತೆ ಬೆಂಚುಗಳ ಕೆಳಗೆಲ್ಲ ಬಗ್ಗಿ ಒಂದು ಗಂಟೆ ಕೊಡೆ ಹುಡುಕಿದ್ರು. ಬೆನ್ನು ಹಿಡ್ಕೊಂಡು ಎರಡು ದಿನ ಮಲಗಿದ್ರು. ಅಂಥವರ ಮೇಲೆ ಕಳ್ಳತನ ಹೊರಿಸ್ತೀಯಾ, ಅಯೋಗ್ಯ?'

ನಿಜ ಹೇಳಿದಷ್ಟೂ ನಕಲಿಯಾಗುವುದು ಮೇಷ್ಟ್ರಿಗೆ ಹೊಸ ಅನುಭವ. ನೀಲಿ ಲಿಟ್ಮಸ್ ಕಾಗದವನ್ನು ಆಸಿಡ್ಡಿನಲ್ಲಿ ಅದ್ದಿದರೆ ಹಸಿರಾದ ಹಾಗೆ.

ಅಷ್ಟರಲ್ಲಿ ಹಾಡಿನ ಟೀಚರ್ ಬರೆದರು. 'ನಾನೊಂದು ಕೇಳ್ತೀನಿ. ಹೋದ ವರ್ಷ ಮೂರು ಭಾನುವಾರ ನನ್ನ ಮೈಕು ಕೆಟ್ಟಿತ್ತು. ರಿಪೇರಿ ಮಾಡಿದ್ದು ಮೇಷ್ಟ್ರೇ. ಏನಾಗಿತ್ತು ಅದಕ್ಕೆ?'

ಹನ್ನೆರಡು ಹತ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬರೆದರು. 'ಏನೂ ಆಗಿರಲಿಲ್ಲ ಅಮ್ಮ. ಆ ಮೂರು ವಾರ ನನಗೆ ತಲೆನೋವಿತ್ತು. ವೈರು ಕಿತ್ತಿಟ್ಟವನು ನಾನೇ.'

'ಥೂ!' ಎಂದರು ಟೀಚರ್. 'ಮೇಷ್ಟ್ರು ವಾರವಾರವೂ ನನ್ನೆದುರು ನಿಂತು, ನಿಮ್ಮ ದನಿ ಕೇಳೋಕೇ ಚರ್ಚಿಗೆ ಬರ್ತೀನಿ ಅಂತಾರೆ.'

ಟೈಲರ್ ಸುಮ್ಮನಿರಲಾರದೆ ಬರೆದ: 'ಯಾರಾದ್ರೂ ಮೇಷ್ಟ್ರ ನಂಬರಿಗೇ ಫೋನ್ ಮಾಡಿ ನೋಡಿ. ಅದನ್ನೂ ಅವರೇ ಹೇಳ್ಕೊಟ್ಟಿದ್ರು.'

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಇದು ಮೊದಲೇ ಯಾಕೆ ಹೊಳೆಯಲಿಲ್ಲ! ಫೋನು ಮನೆಯಲ್ಲಿದೆ, ಹೆಂಡತಿ ಎತ್ತುತ್ತಾಳೆ, ಅವರು ಆಫೀಸಿಗೆ ಹೋದವರು ಬಂದಿಲ್ಲ ಅನ್ನುತ್ತಾಳೆ, ಆಫೀಸಿನ ಇನ್ನೊಂದು ಕೀಲಿಯೂ ಅಡುಗೆಮನೆಯ ಮೊಳೆಯಲ್ಲೇ ಇದೆ. ಮುಗಿಯಿತು!

ಪೋಸ್ಟ್‌ಮಾಸ್ಟರರ ವರದಿ ಬಂತು. 'ಫೋನ್ ಮಾಡಿದೆ. ಅಕ್ಕನೇ ಎತ್ತಿದರು. ಹಿಂದೆ ಏನೋ ಗಡಗಡ ಸದ್ದು, ಮಿಕ್ಸಿ ಇರಬೇಕು. ಆದರೂ ಮಾತು ಸ್ಪಷ್ಟವಾಗಿ ಕೇಳಿಸಿತು. ಅವರು ಇಲ್ಲೇ ನಮ್ಮ ಹತ್ತಿರಾನೇ ಇದಾರೆ, ಕ್ಷೇಮವಾಗಿದಾರೆ, ನೀವು ಮುಂದುವರಿಸಿ ಅಂದರು.'

ಮೇಷ್ಟ್ರು ಮತ್ತೆ ಕೂತರು. ಹತ್ತಿರಾನೇ ಇದಾರಂತೆ! ತಾನು ಕುರ್ಚಿಯಲ್ಲಿಲ್ಲದ್ದು ಗಮನಕ್ಕೆ ಬಾರದಷ್ಟು ಸವೆದುಹೋಗಿದ್ದೇನೆಯೇ? ಹೌದಲ್ಲ, ಕುರ್ಚಿಯಲ್ಲಿ ಈಗ ಅತ್ತೆ ಇರುತ್ತಾರೆ.

ಹನ್ನೆರಡೂವರೆಗೆ ಸಭಾಪಾಲಕರೇ ಬರೆದರು. ಅವರದು ಮೃದು ಭಾಷೆ. 'ಸಹೋದರನೇ, ನೀನು ಯಾರೇ ಆಗಿರು, ನಿನಗೂ ಒಂದು ಅವಕಾಶ ಕೊಡುತ್ತೇನೆ. ನಮ್ಮ ಕಾರ್ಯದರ್ಶಿಗಳು ನನ್ನ ಪ್ರಸಂಗದ ಸಮಯದಲ್ಲಿ ಮೂರನೆಯ ಕಂಬದ ಪಕ್ಕ ಕೂತು ಪುಟ್ಟ ಪುಸ್ತಕದಲ್ಲಿ ತಪ್ಪದೆ ಬರೆದುಕೊಳ್ಳುತ್ತಾರೆ. ಅದನ್ನು ಕಂಡು ಎಷ್ಟೋ ಸಲ ನನಗೆ ಬಲ ಬಂದಿದೆ. ಅವರು ಬರೆದುಕೊಳ್ಳುವುದೇನು?'

ಮೇಷ್ಟ್ರು ಸರಳಿನಾಚೆಯ ಗೋಡೆ ನೋಡಿದರು. ಗೋಡೆ ನಡುಗುತ್ತಿತ್ತು. ಕುರ್ಚಿ ಮುಂದಕ್ಕೆಳೆದು ಬರೆದರು:

'ಅಯ್ಯನವರೇ, ೧. ಪ್ರಸಂಗ ಎಷ್ಟು ನಿಮಿಷ ನಡೆಯಿತು ಎಂಬುದು. ೨. ಅಷ್ಟರಲ್ಲಿ ಸಭೆಯಲ್ಲಿ ಎಷ್ಟು ಜನ ಆಕಳಿಸಿದರು ಎಂಬುದು. ೩. ಎರಡಕ್ಕೂ ಇರುವ ಸಂಬಂಧದ ಗ್ರಾಫ್. ಇಪ್ಪತ್ತೆರಡನೆಯ ನಿಮಿಷದವರೆಗೆ ಗೆರೆ ಸಮತಟ್ಟಾಗಿರುತ್ತದೆ. ಆಮೇಲೆ ಕಡಿದಾಗಿ ಏರುತ್ತದೆ.'

ಅಯ್ಯನವರ ಉತ್ತರ ಬಂತು. 'ಸಭೆಯವರೇ, ಇವನು ನಮ್ಮ ಕಾರ್ಯದರ್ಶಿಯಲ್ಲ. ಇಂಥ ಹೃದಯ ಅವರಿಗಿಲ್ಲ. ಇವನಿಗಾಗಿ ಪ್ರಾರ್ಥಿಸೋಣ. ಆಮೇಲೆ ಎಲ್ಲರೂ ಪತ್ರದ ಕೆಳಗಿರುವ ದೂರಿನ ಗುಂಡಿ ಒತ್ತೋಣ.'

ಮೇಷ್ಟ್ರಿಗೆ ಗೊತ್ತಿತ್ತು, ಹತ್ತಾರು ದೂರು ಬಿದ್ದರೆ ಸಾಫ್ಟ್‌ವೇರ್ ತಾನೇ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಇನ್ನೊಂದು ಪತ್ರ ಬಂತು. ಹೆಂಡತಿಯ ವಿಳಾಸದಿಂದ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

'ನಮ್ಮಮ್ಮ ಒಂದು ಪ್ರಶ್ನೆ ಕೇಳಬೇಕಂತೆ. ಅವರು ಆರು ತಿಂಗಳು ಕೂತು ಅಳಿಯಂದಿರಿಗೆ ಸ್ವೆಟರ್ ಹೆಣೆದುಕೊಟ್ಟಿದ್ದರು. ರೈಲಿನಲ್ಲಿ ಕಳೆದುಹೋಯಿತು ಅಂದಿದ್ದಿರಿ. ಅದು ಈಗ ಎಲ್ಲಿದೆ?'

ಮೇಷ್ಟ್ರು ಎಡಗಡೆ ನೋಡಿದರು. ಆಫೀಸಿನ ಪ್ರಿಂಟರ್ ಸುಖವಾಗಿ ಬೆಚ್ಚಗೆ ಕೂತಿತ್ತು. ಹನ್ನೆರಡು ಐವತ್ತು. ಈಗ ಹೊರಟರೂ ಡಾಕ್ಟರನ್ನು ಮೆಟ್ಟಿಲ ಮೇಲೆ ಹಿಡಿಯಬಹುದು.

'ಇಲ್ಲೇ ಇದೆ. ಧೂಳು ಹಿಡಿಯದ ಹಾಗೆ ಪ್ರಿಂಟರಿಗೆ ತೊಡಿಸಿದ್ದೇನೆ. ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. ವೈರು ಹಾಯಿಸಲು ಅನುಕೂಲವಾಯಿತು. ಕುತ್ತಿಗೆಯಿಂದ ಕಾಗದ ಸಲೀಸಾಗಿ ಹೊರಗೆ ಬರುತ್ತದೆ. ಅತ್ತೆ, ಕ್ಷಮಿಸಿ. ಕೀಲಿ ಮೊಳೆಯಲ್ಲಿದೆ. ಓಡಿ ಬಾ!'

ಗುಂಡಿ ಒತ್ತಿದರು. ಪತ್ರ ಹೋಯಿತು. ಅದರ ಬೆನ್ನಿಗೇ ಪರದೆ ಕೆಂಪಾಯಿತು. 'ಎಂಬತ್ತೊಂದು ದೂರುಗಳು ಬಂದಿವೆ. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ.'

ಗೋಡೆ ಗಡಿಯಾರ ಒಂದು ಹೊಡೆಯಿತು.

ಬೀಗ ಕ್ಲಿಕ್ ಎಂದಿತು. ಒಂದು ಸುತ್ತು, ಎರಡು ಸುತ್ತು. ಬಾಗಿಲು ತೆರೆಯಿತು. ಹೊರಗಿನ ಜಗಲಿಯಲ್ಲಿ ಚರ್ಚಿನ ಎರಡು ಮಡಚುವ ಕುರ್ಚಿ, ನಡುವೆ ಪಕ್ಕದಂಗಡಿಯ ಚಹಾದ ಫ್ಲಾಸ್ಕು. ಒಂದು ಕುರ್ಚಿಯಲ್ಲಿ ಅತ್ತೆ. ಬಾಗಿಲಲ್ಲಿ ಹೆಂಡತಿ, ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಮೇಷ್ಟ್ರ ಫೋನು.

"ಇಷ್ಟು ಬೇಗ ಬಂದ್ಯಾ?" ಎಂದರು ಮೇಷ್ಟ್ರು, ನಂಬಲಾರದೆ.

"ಹನ್ನೆರಡಕ್ಕೇ ಬಂದ್ವಿ."

"ಹನ್ನೆರಡಕ್ಕಾ? ಊರೆಲ್ಲ ನಂಬಲಿಲ್ಲ, ನಿನಗೆ ನಾನೇ ಅಂತ ಹೇಗೆ ಗೊತ್ತಾಯ್ತು?"

"ಸಿಕ್ಕಿಬಿದ್ದು ಒದ್ದಾಡೋವಾಗಲೂ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಬರೆಯೋ ಪ್ರಾಣಿ ಈ ಭೂಮಿ ಮೇಲೆ ಇನ್ನೊಂದಿದೆಯೇನ್ರೀ? ಮೊದಲನೇ ಪತ್ರಕ್ಕೇ ಗೊತ್ತಾಯ್ತು. ಕೀಲಿ ತಗೊಂಡು ಆಟೋದಲ್ಲಿ ಓಡಿ ಬಂದ್ವಿ. ತೂತಿಗೆ ಕೀಲಿ ಹಾಕಿದ್ದೆ. ಅಷ್ಟರಲ್ಲಿ ಆ ಕೊಡೆ ವಿಷಯ ಬಂತು. ಓದಿ ಹೇಳಿದೆ. ಅಮ್ಮ ನನ್ನ ಕೈ ಹಿಡ್ಕೊಂಡ್ಬಿಟ್ರು."

"ಮತ್ತೆ ಡಾಕ್ಟರು? ಒಂದು ಗಂಟೆ ಆಗೋಯ್ತಲ್ಲೇ!"

"ಆಗ್ಲಿ ಬಿಡಿ ಅಳಿಯಂದಿರೇ," ಎಂದರು ಅತ್ತೆ ಕುರ್ಚಿಯಿಂದಲೇ, ತುಂಬ ಪ್ರಸನ್ನರಾಗಿ. "ಕಣ್ಣು ಎರಡು ತಿಂಗಳು ಬಿಟ್ಟು ತೋರಿಸಿದ್ರೂ ನಡೆಯತ್ತೆ. ಕಿವಿಗೆ ಇಂಥ ದಿನ ಮತ್ತೆ ಸಿಗತ್ತಾ?"

ಅವರು ಮಗಳ ಭುಜ ಹಿಡಿದು ಒಳಗೆ ಬಂದರು. ಪ್ರಿಂಟರಿನ ಮೈ ತಡವಿದರು. "ಇದೇ. ಒಂಬತ್ತನೇ ಸಾಲಲ್ಲಿ ಹೆಣಿಗೆ ತಪ್ಪಿದ್ದೆ, ಇಲ್ಲೇ ಇದೆ ನೋಡು." ಮೆಲ್ಲಗೆ ಅದನ್ನು ಬಿಚ್ಚಿ, ಧೂಳು ಕೊಡವಿ, ಅಳಿಯನತ್ತ ಚಾಚಿದರು. ಮೇಷ್ಟ್ರು ತೊಟ್ಟುಕೊಂಡರು. ಹೊರಗೆ ಸುಡುಬಿಸಿಲು. ಎದೆಯ ಮೇಲೆ ಶಾಯಿಯ ಕಪ್ಪು ಪಟ್ಟೆ.

ಸಂಜೆ ಪೋಸ್ಟ್‌ಮಾಸ್ಟರರ ಫೋನು ಬಂತು. "ಮೇಷ್ಟ್ರೇ, ಯಾವನೋ ನಿಮ್ಮ ಹೆಸರಲ್ಲಿ ಏನೇನೋ ಬರೆದುಬಿಟ್ಟ. ನಾವು ಒಂದಕ್ಷರ ನಂಬಲಿಲ್ಲ. ಅಯ್ಯನವರಂತೂ ನಿಮಗೆ ಸನ್ಮಾನ ಮಾಡಲೇಬೇಕು ಅಂತಿದಾರೆ. ಬರೋ ಭಾನುವಾರ ಇನ್ನೊಂದು ಪಾಠ ಇಟ್ಕೊಳ್ಳಿ. ಆ ಪತ್ರಗಳನ್ನೇ ಪರದೆ ಮೇಲೆ ದೊಡ್ಡದಾಗಿ ಹಾಕಿ, ಒಂದೊಂದು ಸುಳ್ಳನ್ನೂ ಬಿಡಿಸಿ ಹೇಳಿ."

"ಆಗಲಿ," ಎಂದರು ಮೇಷ್ಟ್ರು ಕ್ಷೀಣವಾಗಿ. ಫೋನು ಇಟ್ಟು, ಬೆವರು ಒರೆಸಿಕೊಂಡು, ಎಂದಿನಂತೆ ದಿನಪತ್ರಿಕೆ ಎತ್ತಿಕೊಂಡು ಆರಾಮಕುರ್ಚಿಯ ಪಕ್ಕ ಹೋಗಿ ನಿಂತರು.

"ಪೇಪರ್ ಬೇಡ ಇವತ್ತು," ಎಂದರು ಅತ್ತೆ, ಕಾಲು ಚಾಚಿಕೊಳ್ಳುತ್ತ. "ಆ ಪತ್ರಗಳನ್ನೇ ಮೊದಲಿಂದ ಓದಿ. ಕೊಡೆ ಹತ್ತಿರ ಬಂದಾಗ ಸ್ವಲ್ಪ ನಿಧಾನ."